ಕಾಲುವೆಯ ಬಾಯಿಗೆ ತಾಳೆಗರಿ

ಅಕ್ಕನಿಗೆ,

ಅಕ್ಷರಗಳು ವಕ್ರವಾಗಿವೆ, ತಪ್ಪೂ ಇರಬಹುದು, ನಗದೆ ಓದು. ಕಾಸಾಮಾನ್ಸ್ ನದಿಯ ಈ ಊರಲ್ಲಿ ಸಿಂಪಿಗಳು ಉಪ್ಪುನೀರಲ್ಲಿ ನಿಲ್ಲುವ ಕಾಂಡ್ಲಾ ಮರದ ಬೇರುಗಳಲ್ಲಿ ಗೊಂಚಲಾಗಿ ಬೆಳೆಯುತ್ತವೆ. ಎಲ್ಲರೂ ಸಿಂಪಿಯನ್ನು ಬೇರು ಸಮೇತ ಕಡಿದು ಕಾಡು ತೆಳುವಾಗಿದೆ. ತಡೆಯಲು ಮರಗಳಿಲ್ಲದೆ, ಏರುತ್ತಿರುವ ಸಮುದ್ರ ಭತ್ತದ ಗದ್ದೆಗೆ ಉಪ್ಪು ತರುತ್ತಿದೆ. ಮರ ಮತ್ತೆ ಬೆಳೆಯಲೆಂದು, ಸಿಂಪಿ ತೆಗೆಯುವ ಕಾಲುವೆಗೆ ಎರಡು ವರ್ಷ ಯಾರೂ ಇಳಿಯದಂತೆ ಮಾಡೋಣವೇ ಎಂದು ಹೆಂಗಸರು ಸಭೆ ಸೇರಿದ್ದರು.

"ಅಲ್ಲೀವರೆಗೂ ಕೆಸರು ಬೇಯಿಸ್ಕೊಂಡು ತಿನ್ನೋಣ್ವಾ? ಆಮೇಲೂ ಮರ ಬರದಿದ್ರೆ?" ಎಂದರು ಸಿಬೋ ಅತ್ತೆ. ಸಿಂಪಿ ಮಾರಿಯೇ ಅವರ ಜೀವನ.

"ಗದ್ದೆ ಹೋದ್ರೆ ಅನ್ನ ನಿಮ್ಮಪ್ಪ ಕಳಿಸ್ತಾನೇನೇ?" ಎಂದಳು ಪಕ್ಕದ ಮನೆಯ ಬಿಂತಾ, ಅತ್ತೆಯ ಸಲಿಗೆಯ ಗೆಳತಿ. ಅತ್ತೆ ನಕ್ಕುಬಿಟ್ಟರು, ಒಪ್ಪಿದರು.

ನನ್ನ ಕೆಮ್ಮು ವಾಸಿಯಾಗಿದೆ. ಇವತ್ತು ಬೆಳಿಗ್ಗೆ ಕಾಲುವೆಯ ಬಾಯಲ್ಲಿ, ಯಾರೂ ಇಳಿಯಬಾರದೆಂಬ ಗುರುತಿಗೆ ತಾಳೆಗರಿ ಕಟ್ಟಿದೆ. "ಬಿಗಿಯಾಗಿ ಕಟ್ಟೇ ಕುಂಬಾ, ಸಡಿಲ ಇದ್ರೆ ನಾನೇ ಮೊದ್ಲು ಬಿಚ್ತೀನಿ," ಎಂದರು ಅತ್ತೆ. ಇನ್ನೊಂದು ಗಂಟು ಹಾಕಿದೆ.