ಯಾವ ಫೋಟೋದಲ್ಲೂ ನೀನಿಲ್ಲ

ವಿಮಲಕ್ಕಾ,

ಅಮ್ಮ ನಿನ್ನನ್ನು ಬಾಗಿಲಲ್ಲೇ ತಡೆದದ್ದು ನೆನಪಿದೆಯಾ? ದಂಡು ಪ್ರದೇಶದ ಟಾಕೀಸಿಗೆ ಹೋಗಿ ತಮಿಳು ಪಿಕ್ಚರ್ ನೋಡಿ ಬಂದ ಮರುದಿನ, ನೀನು ಚೌರಿ ತುರುಕಿ ತುರುಬನ್ನು ಎತ್ತರಕ್ಕೆ ಕಟ್ಟಿಕೊಂಡಿದ್ದೆ. "ತಲೆ ಮೇಲೆ ಇನ್ನೊಂದು ತಲೆ ಇಟ್ಕೊಂಡು ಎಲ್ಲಿಗೆ ಹೊರಟೆ?" ಅಂದಳು ಅಮ್ಮ. ನೀನು ನಕ್ಕು, ನನ್ನ ಕೈ ಹಿಡಿದು ಹೊರಟೇಬಿಟ್ಟೆ.

ನಾನು ಶಾಲೆಗೆ ಹೋಗುವಾಗ ನಿನ್ನದು ಮೊಳಕೈವರೆಗಿನ ತೋಳಿನ ರವಿಕೆ, ತುದಿಗೆ ಲೇಸು, ಎರಡು ಜಡೆ. ನಾನು ಕಾಲೇಜು ಸೇರಿದಾಗ ನೈಲಾನ್ ಸೀರೆ, ಮೈಗಂಟಿದ ರವಿಕೆ, ಕಣ್ಣಿನಾಚೆಗೂ ಎಳೆದ ಕಾಡಿಗೆ. ಆ ಪಿಕ್ಚರುಗಳ ನಟಿಯರು ಬದಲಾದಂತೆಲ್ಲ ನೀನೂ ಬದಲಾದೆ. ಅರವತ್ತೆಂಟನೇ ಇಸವಿಯಲ್ಲಿ ನಾನು ಮದುವೆಯಾಗಿ ಈ ದೇಶಕ್ಕೆ ವಿಮಾನ ಹತ್ತುವ ಹೊತ್ತಿಗೆ ರವಿಕೆಯ ತೋಳೇ ಮಾಯವಾಗಿತ್ತು. ಪ್ರತಿ ಹೊಸ ಸ್ಟೈಲಿಗೂ ಸ್ಟುಡಿಯೋದಲ್ಲಿ ಒಂದು ಫೋಟೋ. ಒಂದರಲ್ಲಾದರೂ ನೆಟ್ಟಗೆ ಕ್ಯಾಮೆರಾ ನೋಡಿದ್ದೀಯಾ? ಗಲ್ಲಕ್ಕೆ ಬೆರಳು, ಓರೆ ಮುಖ, ಮೇಲೆಲ್ಲೋ ನೋಟ. "ಹೀರೋಯಿನ್ನುಗಳು ಹಂಗೇ ಕಣೇ ನೋಡೋದು" ಅನ್ನುತ್ತಿದ್ದೆ.

ನೀನು ಇನ್ನಿಲ್ಲ ಅಂತ ಟೆಲಿಗ್ರಾಂ ಬಂದ ಬೆಳಿಗ್ಗೆ ಇಲ್ಲಿ ನಮ್ಮ ಹೋಬೋಕನ್ನಿನಲ್ಲಿ ಸ್ನೋ ಸುರಿಯುತ್ತಿತ್ತು. ಜಾಂಡಿಸ್ ಅಂತೆ. ನಾನು ತುಂಬು ಬಸುರಿ, ಡಾಕ್ಟರು ಫ್ಲೈ ಮಾಡಕೂಡದು ಅಂದುಬಿಟ್ಟರು. ಕಿಟಕಿ ಪಕ್ಕ ಕೂತೆ, ಅಷ್ಟೇ. ಇನ್ನೇನು ಮಾಡಬೇಕಿತ್ತು, ಅಕ್ಕ?

ಅಣ್ಣ ಕಳಿಸಿದ ಪಾರ್ಸಲ್ ಬಿಚ್ಚಿದ್ದು ಬಾಣಂತನದಲ್ಲಿ. ನಿನ್ನದೊಂದು ಫೋಟೋ ದೊಡ್ಡದು ಮಾಡಿಸಿದ್ದ. ಸ್ಟುಡಿಯೋದವರು ಬಣ್ಣ ಹಾಕಿ, ಹುಬ್ಬು ತೀಡಿ, ನಿನ್ನ ಕೆನ್ನೆಯ ಸಿಡುಬಿನ ಕಲೆಗಳನ್ನೂ ಅಳಿಸಿದ್ದರು. ಆ ಕಲೆ ಮರೆಸಲೆಂದೇ ಓರೆಯಾಗಿ ಕೂರುತ್ತಿದ್ದೆಯಾ? ನಾನು ಕೇಳಲೇ ಇಲ್ಲ. "ಎಷ್ಟ್ ಚೆನ್ನಾಗಿದೆಯಲ್ಲೇ, ಥೇಟ್ ಸಿನಿಮಾ ಸ್ಟಾರ್" ಅಂದರು ಇವರು. ನೀನಾಗಿದ್ದರೆ ಹಿಗ್ಗುತ್ತಿದ್ದೆ. ನನಗೆ ಮೈಯೆಲ್ಲ ಉರಿಯಿತು. ಬೇರೆ ಫೋಟೋ ಬೇಕೆಂದು ಬರೆದೆ. ಇನ್ನೆರಡು ಬಂದವು, ಅವೂ ಹಾಗೆಯೇ. ಒಲೆ ಮುಂದೆ ಬೆವರೊರೆಸಿಕೊಳ್ಳುವ ನಿನ್ನ ಮುಖ, ಮೂಗು ಅರಳಿಸಿ ನಗುವ ಮುಖ ಯಾವುದರಲ್ಲೂ ಇಲ್ಲ. ಈಚೆಗೆ ಕಣ್ಣು ಮುಚ್ಚಿದರೂ ಆ ಬಣ್ಣ ಹಾಕಿದ ಮುಖವೇ ಬರುತ್ತದೆ. ನಿನ್ನನ್ನು ಹಿಡಿದಿಟ್ಟುಕೊಳ್ಳಲು ನನ್ನ ಕೈಲಿ ಆಗುತ್ತಿಲ್ಲ.

ಕಳೆದ ಭಾನುವಾರ ಪಿಸ್ಕಾಟವೇ ಅನ್ನುವ ಊರಿಗೆ ಡ್ರೈವ್ ಮಾಡಿದೆವು. ಅಲ್ಲಿ ತಮಿಳು ಸ್ನೇಹಿತರು ಶಾಲೆಯ ಹಾಲ್ ಹಿಡಿದು ಹಳೆಯ ಪಿಕ್ಚರಿನ ರೀಲು ಓಡಿಸುತ್ತಾರೆ. ಕನ್ನಡ ಪಿಕ್ಚರ್ ಇಲ್ಲಿಗೆ ಬರುವುದಿಲ್ಲವಾದ್ದರಿಂದ ನಾವೂ ಹೋಗಿ ಕೂರುತ್ತೇವೆ. ನೀನು ಹೋದ ಮೇಲೆ ಹುಟ್ಟಿದ ಅನು ಈಗ ಪಟಪಟ ಮಾತಾಡುತ್ತಾಳೆ, ಅಕ್ಕ. ದಿನಾ ಸಂಜೆ ಅವಳಿಂದ ನಿನ್ನ ಆ ಫೋಟೋಗೆ ಕೈ ಮುಗಿಸುತ್ತೇನೆ. ಅವತ್ತು ಪರದೆಯ ಮೇಲೆ ನಾಯಕಿ ಓರೆಯಾಗಿ ತಿರುಗಿದಳು ನೋಡು, ಅನು ನನ್ನ ತೊಡೆಯ ಮೇಲೆ ಎದ್ದು ನಿಂತಳು.

"ಅಮ್ಮಾ, ದಟ್ಸ್ ದೊಡ್ಡಮ್ಮ."

ಹಿಂದಿನ ಸಾಲಿನ ಆಂಟಿ ನಕ್ಕರು. ನಾನು ಅಲ್ಲ ಅಂದರೆ, ಮತ್ತೆ ದೊಡ್ಡಮ್ಮ ಹೇಗಿದ್ದಳು ಅಂತ ಅನು ಕೇಳುತ್ತಾಳೆ. ಏನು ತೋರಿಸಲಿ?

"ಹೌದು ಪುಟ್ಟಿ, ದೊಡ್ಡಮ್ಮನೇ" ಅಂದೆ.