ದೇವಿಯನ್ನು ಎರಡನೇ ಸಲ ಕೇಳಬಹುದೇ

ಮಿರ್ಜಾನ
೧೪ ಸೆಪ್ಟೆಂಬರ್ ೨೦೨೪, ಶನಿವಾರ

ಮಗಳೇ ವಿನುತಾ,

ಅಪ್ಪನ ಆಶೀರ್ವಾದಗಳು. ನಾನು ಕ್ಷೇಮ, ಎಡ ಮೊಣಕಾಲು ಮಾತ್ರ ಕ್ಷೇಮವಲ್ಲ. ನೀನು ಕಲಿಸುವ ಊರು ಜಾಲಿಯಿಂದ ಬರೆದ ಪತ್ರ ಕೈಸೇರಿ ಇಪ್ಪತ್ತೆರಡು ದಿನವಾಯಿತು. ನಡುವೆ ಎರಡು ಸಲ ನೀನೇ ಫೋನ್ ಮಾಡಿದೆ. ಎರಡು ಸಲವೂ ನಾನು ಚೌತಿಯ ಚಕ್ಕುಲಿ ಮೆತ್ತಗಾದ ಕಥೆ ಹೇಳಿ ಇಟ್ಟುಬಿಟ್ಟೆ. ಬಸ್ಸು ತಡವಾದರೆ ಮೈಕಿನಲ್ಲಿ ಕಾರಣ ಹೇಳಬೇಕೆಂಬುದು ಕುಮಟಾ ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದ ನನಗೆ ಗೊತ್ತಿಲ್ಲದ್ದೇನಲ್ಲ. ಕಾರಣ ಹೇಳುತ್ತೇನೆ, ಸ್ವಲ್ಪ ತಾಳು.

ನಿನ್ನ ಪತ್ರದ ಸಾಲುಗಳು ನನಗೆ ಬಾಯಿಪಾಠವಾಗಿವೆ. ‘ಅಪ್ಪ, ಹದಿನಾಲ್ಕು ವರ್ಷದ ಹಿಂದೆ ನಮ್ಮ ಮದುವೆ ದೇವಿ ಬೇಡವೆಂದಳು, ನಾನೂ ಅನೂಪನೂ ತಲೆಬಾಗಿದೆವು. ಈಗ ಅವನ ಮನೆಯಲ್ಲಿ ಬೇರೆ ಕಡೆ ಮಾತು ನಡೆದಿದೆ. ನವರಾತ್ರಿಯೊಳಗೆ ಅವನು ಹೌದೋ ಅಲ್ಲವೋ ಒಂದು ಹೇಳಬೇಕಂತೆ. ಇನ್ನೊಂದು ಸಲ ಪ್ರಸಾದ ಕೇಳುತ್ತೀರಾ? ದೇವರ ಮನಸ್ಸೂ ಬದಲಾಗಬಹುದಲ್ಲ?’

ಮೂವತ್ತೆಂಟು ವರ್ಷದ ಟೀಚರು ಕೇಳುವ ಪ್ರಶ್ನೆಯೇ ಇದು ಎಂದು ಮೊದಲು ನಗು ಬಂತು. ಆಮೇಲೆ ಅದು ಕಾಲಲ್ಲಿ ಮುರಿದ ಮುಳ್ಳಿನಂತೆ ಕೂತಿತು. ನಾನು ಹೊನ್ನಾವರದ ಬೋರ್ಡ್ ಹಾಕಿಸಿದ ಬಸ್ಸನ್ನು ಡಿಪೋದವರು ಹೇಳಿದರೆಂದು ಕೊನೇ ಗಳಿಗೆಯಲ್ಲಿ ಶಿರಸಿಗೆ ಕಳಿಸಿದವನು. ದೇವರಿಗೆ ಹಾಗೆ ಫೋನ್ ಮಾಡುವ ಡಿಪೋ ಯಾವುದು? ನಮ್ಮ ವೇಳಾಪಟ್ಟಿಯ ಅಡಿಯಲ್ಲಿ ‘ಸಬ್ಜೆಕ್ಟ್ ಟು ಚೇಂಜ್ ವಿದೌಟ್ ನೋಟೀಸ್’ ಎಂದು ಅಚ್ಚಾಗಿರುತ್ತಿತ್ತು. ದೇವರ ಮಾತಿನ ಅಡಿಯಲ್ಲೂ ಅಂಥ ಸಣ್ಣಕ್ಷರ ಇದೆಯೇ? ಒಮ್ಮೆ ಹೇಳಿದ್ದನ್ನು ಹಿಂತೆಗೆಯಲಾಗದು ಎಂಬುದಕ್ಕೆ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಶಬ್ದ ಕಲಿತಿದ್ದೆ, ಉದ್ದದ್ದು, ‘ಇರ್‍ರಿ’ ಎಂದು ಶುರುವಾಗುತ್ತಿತ್ತು. ಮುಂದಿನದು ನೆನಪಾಗುತ್ತಿಲ್ಲ.

ಹಾಗಾಗಿ ಕಮಲಾಕರನ ಹತ್ತಿರ ಹೋದೆ. ನಿನಗೆ ಗೊತ್ತಲ್ಲ, ನನ್ನ ಜೊತೆ ಬಿ.ಎ. ಓದಿ, ನನ್ನ ಜೊತೆಯೇ ಇಂಗ್ಲಿಷಿನಲ್ಲಿ ಫೇಲಾದವ. ಕುಮಟಾದಲ್ಲಿ ಅವನ ಮಾಮೂಲು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ ಕೂತಿದ್ದ. ಕೇಳಿದೆ.

“ಎಂತ ಮಾರಾಯಾ, ಬದ್ಲಾಗ್ತದೆ ಅಂದ್ರೆ ದೇವ್ರಿಗೆ ಮೊದ್ಲು ಸಮಾ ಗೊತ್ತಿರ್ಲಿಲ್ಲ ಅಂತ ಆತು. ಬದ್ಲಾಗೂದೇ ಇಲ್ಲ ಅಂದ್ರೆ ನಾವು ಹೊತ್ತ ಹರಕೆ ಎಲ್ಲ ದಂಡ.”

“ಹಾಗಾದ್ರೆ ಯಾವ್ದು ಹೌದು?”

“ಇನ್ನೊಂದು ಬನ್ಸ್ ತರ್ಸು, ಹೇಳ್ತೆ.”

ತರಿಸಿದೆ. ಅದನ್ನೂ ಮುಗಿಸಿ ಹೇಳಿದ: “ನಿಮ್ಮೂರ ಹೊಳೆ ನೋಡು. ಸಮುದ್ರದ ಭರತಿ ಬಂದಾಗ ಹಿಂದೆ ಹರೀತದೆ. ಹೊಳೆ ಬುದ್ಧಿ ಬದ್ಲ್ಸ್ತು ಅಂತ ಯಾರಾದ್ರೂ ಹೇಳ್ತ್ರಾ? ಕೇಳೂ ಮನ್ಷ ಬದ್ಲಾದ್ರೆ ಉತ್ರನೂ ಬದ್ಲಾದ ಹಾಗೆ ಕಾಣ್ತದೆ, ಅಷ್ಟೇ. ಅದಿರ್ಲಿ, ಮಹಾಬಲಾ, ಈ ವಯಸ್ಸಲ್ಲಿ ನಿಂಗೆ ಎಂತಕ್ಕೆ ಈ ಸಂಶಯ? ದೇವ್ರ ಹತ್ರ ಎಂತ ಕಿತಾಪತಿ ಮಾಡಿಟ್ಟೆ?”

ಚಹಾ ನೆತ್ತಿಗೇರಿತು. ಅವನೇ ಬೆನ್ನು ತಟ್ಟಿದ.

ಆಮೇಲೆ ಗುಡಿಗೆ ಹೋದೆ. ಹದಿನಾಲ್ಕು ವರ್ಷದ ಹಿಂದೆ ದೇವಿಯ ಪೂಜೆಗಿದ್ದ ಹಿರೇ ಗುನಗರು ತೀರಿಕೊಂಡು ಎಂಟು ವರ್ಷವಾಯಿತು. ಈಗ ಅವರ ಮಗ ಗಣಪ. ಅವನು ಪ್ರಸಾದ ಹಚ್ಚುವುದನ್ನು ನಾನು ಒಂದು ತಾಸು ಕೂತು ನೋಡಿದೆ. ನೀನು ಒಳಗೆ ಬಂದು ನೋಡಿದವಳಲ್ಲ, ಅದಕ್ಕೇ ಬರೆಯುತ್ತೇನೆ. ದೇವಿಯ ಕಲ್ಲಿಗೆ ನೀರೆರೆದು, ಒದ್ದೆ ಕೇಪಳ ಹೂವನ್ನು ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳುವವನು ಮನಸ್ಸಿನಲ್ಲೇ ಕೇಳಿ ಕೈಮುಗಿದು ಕೂರಬೇಕು. ಬಲದ ಹೂ ಮೊದಲು ಬಿದ್ದರೆ ಒಪ್ಪಿಗೆ, ಆ ಹೂವನ್ನು ಗುನಗರು ಕೇಳಿದವನ ಅಂಗೈಗೆ ಹಾಕಿ ಮನೆಗೆ ಕೊಟ್ಟು ಕಳಿಸುತ್ತಾರೆ. ಎಡದ್ದು ಬಿದ್ದರೆ ಬೇಡ, ಹೂ ದೇವಿಯ ಕಾಲ ಬುಡದಲ್ಲೇ ಉಳಿಯುತ್ತದೆ. ಒಳಗೆ ಏನಾಯಿತೆಂದು ಗುನಗರು ಹೊರಗೆ ಬಾಯಿಬಿಡುವಂತಿಲ್ಲ. ಉತ್ತರವನ್ನು ಮನೆಗೆ ಒಯ್ಯುವುದು ಕೇಳಿದವನದೇ ಕೆಲಸ.

“ಗಣಪ, ಕೇಳಿದ್ದನ್ನೇ ಮತ್ತೆ ಕೇಳೂಕೆ ಅಡ್ಡಿ ಇಲ್ವಾ?” ಎಂದೆ.

“ಹಾಗೆ ಕೇಳೂಕೆ ಆಗೂದಿಲ್ಲ, ಕಂಟ್ರೋಲರ್ರೆ. ದೇವಿ ಎಂತ, ನಿಮ್ಮ ಎನ್ಕ್ವಾಯರಿ ಕೌಂಟರಾ, ಐದು ನಿಮಿಷಕ್ಕೊಂದ್ಸಲ ಬಂದು ಕೇಳೂಕೆ?” ಎಂದು ನಕ್ಕ. ನಂತರ ನನ್ನ ಮುಖ ನೋಡಿ ದನಿ ತಗ್ಗಿಸಿದ. “ಒಂದು ದಾರಿ ಉಂಟು. ತಪ್ಪು ಕಾಣಿಕೆ ಹಾಕಿ ಕೇಳೂದು. ಆದ್ರೆ ಸುಮ್ನೆ ಹಾಕಿದ್ರೆ ಆಗೂದಿಲ್ಲ. ತಪ್ಪು ಯಾರ್ದು, ಎಂತ ತಪ್ಪು, ಬಾಯಿ ಬಿಟ್ಟು ಹೇಳ್ಬೇಕು.”

“ದೇವಿಗೆ ಗೊತ್ತಿರೂದಿಲ್ವಾ?”

“ಅವ್ಳಿಗೆ ಗೊತ್ತಿರ್ತದೆ. ನಿಮ್ಗೆ ಗೊತ್ತುಂಟು ಅಂತ ನಿಮ್ಮ ಬಾಯಲ್ಲೇ ಅವ್ಳು ಕೇಳ್ಬೇಕಲ್ದಾ?”

ಹತ್ತನೇ ತರಗತಿ ದಾಟದ ಹುಡುಗ. ಕಮಲಾಕರನಿಗೂ ನನಗೂ ಎರಡು ಬನ್ಸ್ ತಿಂದರೂ ಹೊಳೆಯದ್ದನ್ನು ನಿಂತಲ್ಲೇ ಹೇಳಿದ.

ಪಶ್ಚಾತ್ತಾಪ ಎಂದರೆ ಕಣ್ಣೀರು, ಉಪವಾಸ, ಉರುಳು ಸೇವೆ ಎಂದು ತಿಳಿದಿದ್ದೆ. ಅದು ಬರೀ ನಾಲ್ಕು ಮಾತು ಹೇಳುವ ಕೆಲಸವಂತೆ! ಮೊನ್ನೆ ಮಂಗಳವಾರ ಮಿಂದು, ಮಡಿ ಪಂಚೆ ಉಟ್ಟು, ಕಾಣಿಕೆ ಮುಷ್ಟಿಯಲ್ಲಿ ಹಿಡಿದು ಅವಳೆದುರು ನಿಂತೆ. ದಿನಕ್ಕೆ ಇನ್ನೂರು ಬಸ್ಸಿನ ಹೆಸರು ಕೂಗಿದ ಗಂಟಲು ನನ್ನದು. ಒಂದು ಶಬ್ದ ಹೊರಡಲಿಲ್ಲ. ಗಣಪ ಕಾದ, ಹಿಂದೆ ನಿಂತವರು ಕಾದರು. ಕೊನೆಗೆ “ಇವತ್ತು ಬೇಡ” ಎಂದು ಬಂದುಬಿಟ್ಟೆ.

ಅವಳನ್ನು ಬಿಟ್ಟು ಬೇರೆಯವರಿಗೆ ಮೊದಲು ಹೇಳಬೇಕೇನೋ ಎಂದು ದಾರಿಯಲ್ಲಿ ಅನ್ನಿಸಿತು. ಅದನ್ನೇ ಯೋಚಿಸುತ್ತ ನಾಲ್ಕು ದಿನ ಹೋಯಿತು.

ಇನ್ನು ಊರ ಸುದ್ದಿ. ಹೊಳೆಯಲ್ಲಿ ಈ ಸಲ ಏಡಿ ಚೆನ್ನಾಗಿ ಸಿಗುತ್ತಿದೆ. ನಿನ್ನ ಆಯಿ ನೆಟ್ಟ ಸಂಪಿಗೆಗೆ ಗೆದ್ದಲು ಹತ್ತಿದೆ, ಔಷಧ ಹೊಡೆಸಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಮಕ್ಕಳಿಗೆ ಬೈದು ಬೈದು ಗಂಟಲು ಕೆಡಿಸಿಕೊಳ್ಳಬೇಡ. ನಿನ್ನ ಆಯಸ್ಸು, ಆರೋಗ್ಯ, ಕಾಲಬುಡದ ದಾರಿ ಎಲ್ಲವೂ ನೆಟ್ಟಗಿರಲಿ.

ನಿನ್ನ ಅಪ್ಪ,
ಮಹಾಬಲ

ತಾ.ಕ. ಪತ್ರ ಇಲ್ಲಿಗೇ ಮುಗಿಸಿ ಅಂಟು ಹಚ್ಚಲು ಹೋದೆ. ಆಗಲಿಲ್ಲ.

ವಿನುತಾ, ಆವತ್ತು ಬಿದ್ದದ್ದು ಬಲದ ಹೂವು.

ಹಿರೇ ಗುನಗರು “ಚಂದ ಆತು, ಮಗಳ ಪುಣ್ಯ” ಎಂದು ನನ್ನ ಅಂಗೈಗೆ ಹಾಕಿದರು. ಆಯಿಗೆ ಜ್ವರವೆಂದು ನಾನೊಬ್ಬನೇ ಹೋಗಿದ್ದೆ. ಗದ್ದೆಯ ಬದುವಿನ ಮೇಲೆ ನಡೆದು ಬರುತ್ತ ಅನೂಪನ ಅಪ್ಪ ಭಾಸ್ಕರನ ಮುಖ ಕಣ್ಣಿಗೆ ಬಂತು. ನನ್ನ ಸೀಟಿಯ ಸದ್ದಿಗೆ ಬಸ್ಸು ಹಿಂದೆ ತೆಗೆಯುವ ಡ್ರೈವರ್ ನಾಳೆ ನನಗೆ ಬೀಗನಾಗಿ ಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಕೂರುತ್ತಾನಲ್ಲ ಎನ್ನಿಸಿತು. ಇಷ್ಟೇ ಕಾರಣ. ದೊಡ್ಡ ಕಾರಣವೊಂದು ಇದ್ದಿದ್ದರೆ ಬರೆಯಲು ಸುಲಭವಿತ್ತು. ಹೂವನ್ನು ಜೇಬಿಗೆ ಹಾಕಿ, ಬಾಗಿಲಲ್ಲಿ ನಿಂತು, “ಎಡ” ಎಂದೆ.

ನೀನು ಅಳಲಿಲ್ಲ. ದೇವಿ ಹೇಳಿದ ಮೇಲೆ ಆಯಿತು ಎಂದು ಒಳಗೆ ಹೋದೆ. ಅತ್ತದ್ದು ಆಯಿ. ಅಲ್ಲಿಂದ ಎಂಟು ವರ್ಷ, ಸಾಯುವವರೆಗೂ, ಗುಡಿಯ ಮುಂದೆ ಹಾದರೆ ಸೆರಗು ಅಡ್ಡ ಹಿಡಿದು ಮುಖ ತಿರುಗಿಸಿ ಹೋದಳು. “ನನ್ನ ಮಗಳಿಗೆ ಬೇಡ ಅಂದವ್ಳು ನಂಗೆ ಎಂತಕ್ಕೆ?” ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ. ನನ್ನ ಹೆಸರಿಗೆ ಬರಬೇಕಾದ ಸಿಟ್ಟನ್ನು ಆ ಕಲ್ಲು ಹೊತ್ತಿತು. ಆಯಿಗೆ ಹೇಳಲು ಈಗ ದಾರಿಯಿಲ್ಲ.

ಅದಕ್ಕೇ, ನಿನ್ನ ಪ್ರಶ್ನೆಗೆ ಉತ್ತರ ನನಗೆ ಇನ್ನೂ ಗೊತ್ತಿಲ್ಲ. ದೇವರ ಮನಸ್ಸು ಬದಲಾಗುತ್ತದೋ ಇಲ್ಲವೋ, ನಿನ್ನ ವಿಷಯದಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ಅವಳನ್ನು ಮತ್ತೆ ಕೇಳಬೇಕಿಲ್ಲ. ಅನೂಪನಿಗೆ ಇವತ್ತೇ ಫೋನ್ ಮಾಡು. ಬರುವ ಮಂಗಳವಾರ ಗುಡಿಯಲ್ಲಿ, ಹಿಂದೆ ಎಷ್ಟು ಜನ ನಿಂತಿದ್ದರೂ, ಬಾಯಿ ಬಿಟ್ಟು ಹೇಳುತ್ತೇನೆ. ಮರುದಿನ ಮಾವಳ್ಳಿಯ ಅವರ ಮನೆಗೆ ಹೋಗಿ ಭಾಸ್ಕರನಿಗೂ ಹೇಳುತ್ತೇನೆ. ನಿನ್ನ ಮನೆಗೆ ಮಾತ್ರ ನೀನು ಬಾ ಎನ್ನುವವರೆಗೆ ಬರುವುದಿಲ್ಲ.

ಆ ಹೂವನ್ನು ಎಸೆಯಲು ಧೈರ್ಯವಾಗಲಿಲ್ಲ. ಹಳೇ ವೇಳಾಪಟ್ಟಿ ಪುಸ್ತಕದಲ್ಲಿ ಇಟ್ಟಿದ್ದೆ. ಅದು ನಿನ್ನದು. ಈ ಪತ್ರದ ಜೊತೆ ಸಣ್ಣ ಕಾಗದದ ಪೊಟ್ಟಣವಿದೆ, ನಿಧಾನ ಬಿಡಿಸು. ಹದಿನಾಲ್ಕು ವರ್ಷದ್ದು, ಪುಡಿಯಾದೀತು.