ಸೆರಗೂ ಸುಡುತ್ತದೆ

ಜೂನ್ 3, ಬೆಳಗ್ಗೆ 11

ಮತ್ತೆ ಬಂತು. ರೊಟ್ಟಿ ಬಡಿಯುವಾಗಲೇ ಗೊತ್ತಾಯಿತು, ಬಲಗಣ್ಣಿನ ಮೂಲೆಯಲ್ಲಿ ಮಿಣಮಿಣ. ಮೊದಲು ಅದು. ಆಮೇಲೆ ಅರ್ಧ ತಲೆ. ಆಮೇಲೆ ಚರ್ಮ. ಸೆರಗು ನೆತ್ತಿಗೆ ತಾಗಿದರೆ ಸುಟ್ಟ ಜಾಗಕ್ಕೆ ಖಾರ ಹಚ್ಚಿದ ಹಾಗೆ. ಹತ್ತಿ ಸೀರೆಯ ಸೆರಗು! ಏನು ಭಾರ ಅದಕ್ಕೆ? ಆದರೂ...

ಮಾವ ಮನೆಯಲ್ಲಿಲ್ಲ ಅಂತ ಸೆರಗು ಇಳಿಸಿದ್ದೆ. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಗಿದ್ದೇ ತಡ, ಅತ್ತೆ ಶೇವಂತೆವ್ವ ಹಿಂದಿನಿಂದ ಬಂದು ತಾನೇ ಎಳೆದು ಹೊದಿಸಿದಳು. ಎರಡೂ ಕೈಯಿಂದ ಒತ್ತಿ. ಚೀರಿಬಿಟ್ಟೆ.

"ಅರಿವಿ ಚುಚ್ಚತೈತೇನ ನಿನಗ? ಕೇಳಿದ್ರೇನ್ರಿ, ನಿಮ್ಮ ಸೊಸಿಗೆ ಅರಿವಿ ಚುಚ್ಚತೈತಂತ!"

ಮಾವ ಪಡಸಾಲೆಯಿಂದಲೇ ನಕ್ಕರು. "ರೇಷ್ಮಿದ ತರಸೂಣು ಬಿಡು."

ತರಿಸಲಿ. ಅದೂ ಸುಡುತ್ತದೆ.

ಜೂನ್ 11

ಕೊನೆಗೂ ತಲೆನೋವು ತೋರಿಸಲು ನಾನೂ ಗಂಡನೂ ವಿಜಯಪುರಕ್ಕೆ ಹೋಗಿ ಬಂದೆವು. ಬಿತ್ತನೆಯ ಹೊತ್ತಿನಲ್ಲಿ ನಮ್ಮ ಬೀಜ-ಗೊಬ್ಬರದ ಅಂಗಡಿಗೆ ಒಂದು ದಿನ ಬೀಗ. ಇವರು ದಾರಿಯುದ್ದಕ್ಕೂ ಅದನ್ನೇ ಗೊಣಗಿದರು. ಸ್ಕ್ಯಾನ್ ಆಯಿತು. ರಿಪೋರ್ಟು ನಾರ್ಮಲ್.

ಡಾಕ್ಟರ್ ಮೆಹರುನ್ನಿಸಾ ನನ್ನ ಮುಂಗೈ ಮೇಲೆ ಹತ್ತಿಯ ಚೂರು ಎಳೆದರು. ಕೈ ಹಿಂದಕ್ಕೆ ಎಳೆದುಕೊಂಡೆ. ಅವರು ನಗಲಿಲ್ಲ.

"ಇದು ಸುಳ್ಳಲ್ಲ ತಂಗಿ. ಮೈಗ್ರೇನ್ ಬಂದಾಗ ಕೆಲವರಿಗೆ ಬರೇ ಮುಟ್ಟಿದ್ರೂ ಬ್ಯಾನಿ ಆಗತೈತಿ. ಸ್ಪರ್ಶ ತಿಳಿಯೋ ಜಾಗಾ ಮೆದುಳಿನ ಮ್ಯಾಲಿನ ಪದರದಾಗ ಇರ್ತೈತಿ. ಇಂಥಾ ಮಂದೀಗೆ ಆ ಪದರ ಒಂಚೂರು ದಪ್ಪ ಅಂತ ಕೆಲವು ಅಧ್ಯಯನ ಹೇಳ್ತಾವ, ಕೆಲವು ಹಂಗೇನಿಲ್ಲ ಅಂತಾವ. ಒಬ್ಬರ ಫಿಲ್ಮ್ ನೋಡಿ ಹೇಳಾಕ ಬರಂಗಿಲ್ಲ. ನಾರ್ಮಲ್ ಅಂದ್ರ ಗಡ್ಡಿ-ಪಡ್ಡಿ ಇಲ್ಲ ಅಂತ ಅಷ್ಟ."

ಸುಳ್ಳಲ್ಲ. ಮದುವೆಯಾಗಿ ಈ ಬಾಗೇವಾಡಿಗೆ ಬಂದ ಮೇಲೆ ಮೊದಲ ಸಲ ಯಾರೋ ಹಾಗೆ ಅಂದರು. ಬಸ್ಸಿನಲ್ಲಿ ಅಳು ಬಂತು. ಇವರು ಕಿಟಕಿಯ ಕಡೆ ತಿರುಗಿ ಕೂತರು.

ಜೂನ್ 12

ಮನೆಯವರು ಓದಿದ್ದು ಒಂದೇ ಶಬ್ದ — ನಾರ್ಮಲ್.

ಮಾವ ಬಂದವರಿಗೆಲ್ಲ ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸುತ್ತಿದ್ದಾರೆ. "ನೋಡ್ರಿ, ನಮ್ಮ ಸೊಸಿ ತಲಿ. ಒಂದ್ ಕಲಿ ಸೈತ ಇಲ್ಲ!" ಬೀಜ ಕೇಳಲು ಬಂದ ನಬಿಲಾಲ ಕಾಕಾ ಪಾಪ, ಫಿಲ್ಮು ನೋಡಲಾರದೆ ನನ್ನನ್ನೂ ನೋಡಲಾರದೆ ನೆಲ ನೋಡುತ್ತ ಕೂತರು. ಚಹಾ ಕೊಟ್ಟೆ. ಬೇರೇನು ಮಾಡಲಿ, ತಲೆ ಒಡೆದು ತೋರಿಸಲೇ?

ಜೂನ್ 22, ಸಂಜೆ

ಇವತ್ತು ಅತ್ತೆಯ ಪರೀಕ್ಷೆ. ಮಾತ್ರೆ ನುಂಗಿ ಕತ್ತಲೆ ಕೋಣೆಯಲ್ಲಿ ನಿದ್ದೆ ಹೋಗಿದ್ದೆ. ಕುತ್ತಿಗೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು. ನಿದ್ದೆಯಲ್ಲೂ ಚೀರಿದರೆ ಖರೇ ನೋವು, ಇಲ್ಲದಿದ್ದರೆ ನಾಟಕ. ಅದು ಅವಳ ಲೆಕ್ಕ. ಚೀರಿದೆ. ಎದ್ದು ಕೂತೆ.

"ಎಚ್ಚರ ಇದ್ಲು. ನಂಗೊತ್ತಿತ್ತು."

ತಲೆ ಕೆಟ್ಟುಹೋಯಿತು. ಹೇಳಿಬಿಟ್ಟೆ: "ನನ್ನ ಮೆದುಳ ನಿಮ್ಮಂಗ ಇಲ್ರಿ! ಮುಟ್ಟಿದ್ದ ತಿಳಿಯೋ ಪದರ ದಪ್ಪ ಐತಿ. ಡಾಕ್ಟರ್ ಹೇಳ್ಯಾರ."

'ಕೆಲವು ಅಧ್ಯಯನ' ಅನ್ನುವುದನ್ನು ಬಿಟ್ಟೆ. ಬೇಕೆಂದೇ ಬಿಟ್ಟೆ. ಅತ್ತೆ ಒದ್ದೆ ಬಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಗೆದ್ದೆ ಅಂದುಕೊಂಡೆ. ಅಷ್ಟು ಖುಷಿಯಾಯಿತು, ಎದ್ದು ಪಲ್ಯ ಮಾಡಿದೆ.

ಜೂನ್ 24

ಗೆದ್ದೆನಂತೆ. ಹುಚ್ಚಿ ನಾನು.

ಇಂಗಳೇಶ್ವರಕ್ಕೆ ಫೋನು ಹೋಗಿದೆ. ಇವರ ಸೋದರಮಾವ ಮಾನಪ್ಪನಿಗೆ. ಅತ್ತೆಯ ದನಿ ಅಡುಗೆಮನೆವರೆಗೂ ಕೇಳಿಸಿತು. "ಮೆದುಳ ದಪ್ಪ ಐತಂತಪಾ. ಮುಚ್ಚಿಟ್ಟ ಗಂಟ ಹಾಕ್ಯಾರ. ಅಕೀನ ಬಾಯಿಲೇ ಒಪ್ಪಿದ್ಲು."

ಇವರು ಊಟದ ಮುಂದೆ ಕೂತು ಕೇಳಿದರು. "ಲಗ್ನಕ್ಕ ಮೊದ್ಲ ಗೊತ್ತಿತ್ತೇನ ನಿಮ್ಮ ಮನ್ಯಾಗ?"

ಇಷ್ಟು ದಿನ ಸುಳ್ಳಿ. ಈಗ ಕೆಟ್ಟ ಮಾಲು.

ಜುಲೈ 4

ಭಾನುವಾರ ಹಿರಿಯರು ಕೂಡುತ್ತಾರೆ. ಸಿಂದಗಿಯಿಂದ ಅಣ್ಣ ಸಿದ್ದಲಿಂಗನಿಗೂ ಕರೆ ಹೋಗಿದೆ. ತೀರ್ಮಾನ ಈಗಾಗಲೇ ಆಗಿದೆ, ಸುಮ್ಮನೆ ಕೂಡುವ ಶಾಸ್ತ್ರ. ನಾನು ಸಿಂದಗಿಗೆ. ಆರಾಮಾಗುವ ತನಕ. ಮಗಳು ಸಂಘಮಿತ್ರಾ ಇಲ್ಲೇ.

ಆರಾಮಾಗುವ ತನಕ! ಹತೋಟಿಯಲ್ಲಿ ಇಡಬಹುದು, ಬೇರು ಸಮೇತ ಕೀಳಲಾಗದು ಅಂತ ಡಾಕ್ಟರೇ ಹೇಳಿದ್ದಾರೆ. ಅಂದರೆ ಮಗಳು ಇನ್ನು ನನಗಿಲ್ಲ. ಐದನೇ ಇಯತ್ತೆಯ ಕೂಸು. ಬೆನ್ನಿಗೆ ಬೆನ್ನು ತಾಗಿಸಿಕೊಂಡು ಮಲಗುತ್ತಾಳೆ ಇನ್ನೂ.

"ಅವ್ವಾ, ಸಿಂದಗಿಗೆ ನಾನೂ ಬರ್ತೇನಿಲ್ಲ?" ಅಂದಳು. ಬಟ್ಟೆ ಮಡಿಸುತ್ತಿದ್ದೆ. ಮಡಿಸುತ್ತಲೇ ಇದ್ದೆ.

ಜುಲೈ 7

ಪಡಸಾಲೆ ತುಂಬ ಜನ. ಮಾನಪ್ಪ ಮಾವ ಬಹಳ ಮೆತ್ತಗೆ ಮಾತಾಡಿದರು. "ಹೆಣ್ಣಿನ ಮ್ಯಾಲ ಸಿಟ್ಟಿಲ್ಲಪಾ ನಮಗ. ಖರೇ ಬ್ಯಾನಿ ಇದ್ರ ತವರಮನ್ಯಾಗ ಆರಾಮ ಮಾಡ್ಕೊಳ್ಳಿ. ಕೂಸಿನ ಸಾಲಿ ಇಲ್ಲೈತಿ, ಕೂಸ ಇಲ್ಲಿರ್ಲಿ."

ಅಣ್ಣನ ಬಾಯಿ ನೋಡಿದೆ. ಒಂದು ಮಾತು ಆಡುತ್ತಾನೆಂದು. ಆಡಿದ. "ನಮ್ಮನಿ ಬಾಳ ಸಣ್ಣದ್ರಿ."

ಆಗ ಹೊರಗೆ ಬಂದೆ. ತಲೆ ತುಂಬ ಸೆರಗು ಹೊದ್ದು. ಬೆಳಗ್ಗೆಯಿಂದಲೇ ನೋವು ಏರಿತ್ತು. ನೆತ್ತಿಯೆಲ್ಲ ಕೆಂಡ. ಅಂದೆ:

"ನನಗ ಯಾವ ಬ್ಯಾನಿ ಇಲ್ರಿ. ಕೆಲಸ ತಪ್ಪಸಾಕ ನಾಟಕ ಮಾಡೀನಿ. ಡಾಕ್ಟರ್ ಹಂಗೇನೂ ಅಂದಿಲ್ಲ."

ಎಲ್ಲರಿಗೂ ಎಷ್ಟು ಸಮಾಧಾನ! ಮಾವ ತೊಡೆ ತಟ್ಟಿದರು. "ನಾ ಮೊದ್ಲಿಗೇ ಹೇಳಿದ್ನಿಲ್ಲ?" ಅಣ್ಣನ ಮುಖದಲ್ಲಿ ಅದಕ್ಕಿಂತ ಹೆಚ್ಚು ಬೆಳಕು. ಇವರು ಮಾತ್ರ ನನ್ನ ಮುಖ ನೋಡಲಿಲ್ಲ.

"ಹಿರ್ಯಾರ ಕಾಲಿಗೆ ಬೀಳು," ಅಂದಳು ಅತ್ತೆ.

ಬಿದ್ದೆ. ಒಬ್ಬೊಬ್ಬರಿಗೂ. ಒಬ್ಬೊಬ್ಬರೂ ನೆತ್ತಿಯ ಮೇಲೆ ಕೈಯಿಟ್ಟು ಹರಸಿದರು. ಮಾನಪ್ಪ ಮಾವ ಪ್ರೀತಿಯಿಂದ ತಲೆ ಸವರಿದರು, ಹಣೆಯಿಂದ ಹಿಂದಕ್ಕೆ, ಮತ್ತೆ ಹಣೆಯಿಂದ ಹಿಂದಕ್ಕೆ. ಚೀರಲಿಲ್ಲ. ನಕ್ಕೆ. ಆಮೇಲೆ ಎಲ್ಲರಿಗೂ ಉಪ್ಪಿಟ್ಟು ಬಡಿಸಿದೆ.

ಆಗಸ್ಟ್ 9

ಬರೆದು ತಿಂಗಳಾಯಿತು. ಬರೆಯಲು ಏನಿದೆ. ನನಗೆ ಗುಣವಾಗಿದೆಯಂತೆ! ನೋವು ಬಂದಾಗ ನಲ್ಲಿ ಬಿಟ್ಟು ವಾಂತಿ ಮಾಡಿಕೊಳ್ಳುತ್ತೇನೆ. ಬಾಯಿ ತೊಳೆದು ಬರುತ್ತೇನೆ.

ಅತ್ತೆ ಊರೆಲ್ಲ ಹೇಳಿದ್ದಾಳೆ, ಗದರಿಸಿದರೆ ಹೋಗುವ ರೋಗ ಅಂತ. ಇವತ್ತು ಮಸೂತಿ ಊರಿನಿಂದ ಅವಳ ಗೆಳತಿ ರುಕ್ಮವ್ವ ತನ್ನ ಸೊಸೆಯನ್ನು ಕರೆತಂದಿದ್ದಳು. ನನ್ನ ಕೈಯಿಂದ ಬುದ್ಧಿ ಹೇಳಿಸಲು. ಎಳೆಯ ಹುಡುಗಿ. ಕೈ ಹಿಡಿದೆ, ಕಿತ್ತುಕೊಂಡಳು. ಅರ್ಧ ಮುಖ ಬಿಳಿಚಿತ್ತು. ಗೊತ್ತಾಯಿತು. ಅವಳಿಗೂ ಗೊತ್ತಾಯಿತು, ನನಗೆ ಗೊತ್ತಾಗಿದೆ ಅಂತ. ಆಸೆಯಿಂದ ನೋಡಿದಳು ನನ್ನನ್ನು.

ಅತ್ತೆ ಪಕ್ಕದಲ್ಲೇ ಕೂತಿದ್ದಳು.

"ನಾಟಕ ಬಿಡು ತಂಗಿ," ಅಂದೆ. "ನಾನೂ ಬಿಟ್ಟೇನಿ."

ಅವಳು ಹೋಗುವಾಗ ಹಿಂದಿರುಗಿ ನೋಡಲಿಲ್ಲ. ಒಳ್ಳೆಯದೇ ಆಯಿತು.

ಆಗಸ್ಟ್ 19, ಬೆಳಗ್ಗೆ 9

ಈಗಲೇ ಬರೆದುಬಿಡುತ್ತೇನೆ.

ಸಂಘಮಿತ್ರಾ ಶಾಲೆಗೆ ಹೊರಡುವ ಹೊತ್ತು. ಎರಡು ಜಡೆ ಕಡ್ಡಾಯ ಅಲ್ಲಿ. ಬಾಚಣಿಕೆ ಇಟ್ಟೆ. ತಲೆ ಎಳೆದುಕೊಂಡಳು.

"ಮುಟ್ಟಬ್ಯಾಡವಾ. ಕೂದಲಾ ಉರಿಯಾಕತ್ತಾವ."

ಮತ್ತೆ ಇಟ್ಟೆ, ಮೆಲ್ಲಗೆ. ದೊಡ್ಡದಾಗಿ ಅಳತೊಡಗಿದಳು. ಪಡಸಾಲೆಯಿಂದ ಅತ್ತೆಯ ದನಿ. "ಯಾಕ ಅಳತೈತಿ ಕೂಸು?"

ಅವಳ ಬಾಯಿಯ ಮೇಲೆ ಕೈ ಒತ್ತಿದೆ. ಕೆನ್ನೆಯೂ ಸುಡುತ್ತಿತ್ತೇನೋ, ನನ್ನ ಬೆರಳಿನಿಂದ ತಪ್ಪಿಸಿಕೊಳ್ಳಲು ಒದ್ದಾಡಿದಳು. ಬಿಡಲಿಲ್ಲ.

"ಏನಿಲ್ರಿ ಅತ್ತಿ. ಸಿಕ್ಕ ಬಿಡಸಾಕತ್ತೇನಿ."

ಗೋಡೆಗೆ ನಿಲ್ಲಿಸಿ ಎರಡೂ ಜಡೆ ಹಾಕಿದೆ. ಬಿಗಿಯಾಗಿ. ಸಡಿಲ ಬಿಟ್ಟರೆ ಯಾಕೆ ಸಡಿಲ ಅಂತ ಅತ್ತೆ ಕೇಳುತ್ತಾಳೆ. ರಿಬ್ಬನ್ ಎಳೆದು ಕಟ್ಟಿದೆ. ಕಿವಿಯ ಹತ್ತಿರ ಬಾಗಿ ಹೇಳಿದೆ, ಅಜ್ಜಿಯ ಮುಂದೆ ನಗುತ್ತಾ ಹೋಗು, ಇಲ್ಲದಿದ್ದರೆ ನಿನ್ನನ್ನೂ ನನ್ನನ್ನೂ ಬೇರೆ ಮಾಡುತ್ತಾರೆ.

ಬಿಕ್ಕುತ್ತಾ ಕೇಳಿದಳು. "ನಿನಗೂ ಹಿಂಗ ಆಗತಿತ್ತಲ್ಲವಾ?"

ಇಲ್ಲ ಅಂದೆ. ನಾಟಕ ಅಂದೆ.

ಅಳು ಅಲ್ಲೇ ನಿಂತಿತು. ಕಣ್ಣು ಒರೆಸಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ಅಂದಳು, "ಹಂಗಾದ್ರ ನಂದೂ ನಾಟಕನ ಇರಬೇಕವಾ."